"ಆಯ್ತು, ಮಾಡ್ತೀನಿ" ಅಂದ ಕೆಲಸಗಳೆಲ್ಲ ಎಲ್ಲಿ ಹೋಗುತ್ತಿದ್ದವು? ಆಫೀಸಿನ ಗೊಂದಲ ಬಿಡಿಸಿಕೊಂಡ ನಾಲ್ಕು ತಿಂಗಳು

ಮೊನ್ನೆ ಶುಕ್ರವಾರಕ್ಕೆ ಸರಿಯಾಗಿ ನಾಲ್ಕು ತಿಂಗಳಾಯಿತು. ನನ್ನ ಇನ್‌ಬಾಕ್ಸ್‌ನಲ್ಲಿ ಈಗ 19 ಮೇಲ್ ಇವೆ. ಶುರು ಮಾಡಿದ ದಿನ 11,000ಕ್ಕೂ ಜಾಸ್ತಿ ಇದ್ದವು, ಅದರಲ್ಲಿ 2,316 ಮೇಲ್ ನಾನು ತೆರೆದೇ ಇರಲಿಲ್ಲ. ಜಂಬ ಕೊಚ್ಚಿಕೊಳ್ಳೋಕೆ ಇದನ್ನು ಹೇಳುತ್ತಿಲ್ಲ. ನಡುವೆ ಒಂದು ಸಲ ಎಲ್ಲ ಕೈಬಿಟ್ಟು ಕೂತಿದ್ದೆ, ಒಂದು ಆಪ್‌ಗೆ ವರ್ಷದ ದುಡ್ಡು ಕಟ್ಟಿ ಕಳೆದುಕೊಂಡೆ, ಒಂದು ದಿನ ಅಕೌಂಟ್ಸ್‌ನವರ ಅರ್ಧ ದಿನದ ಕೆಲಸ ಕೆಡಿಸಿದೆ. ಇದೇ ದಾರಿಯಲ್ಲಿ ಹೊರಟವರು ಅಷ್ಟಾದರೂ ತಪ್ಪಿಸಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ತಪ್ಪು ಫೈಲ್‌ನಿಂದ. ತ್ರೈಮಾಸಿಕ ರಿಪೋರ್ಟ್ ಒಂದನ್ನು ಕ್ಲೈಂಟ್‌ಗೆ ಕಳಿಸಬೇಕಿತ್ತು. ನನ್ನ ಡೆಸ್ಕ್‌ಟಾಪ್ ಮೇಲೆ "ರಿಪೋರ್ಟ್ ಫೈನಲ್", "ರಿಪೋರ್ಟ್ ಫೈನಲ್ 2", "ಫೈನಲ್ ಹೊಸದು", "ಫೈನಲ್ ಫೈನಲ್" ಅಂತ ನಾಲ್ಕು ಫೈಲ್ ಇದ್ದವು. ಅವಸರದಲ್ಲಿ "ಫೈನಲ್ ಹೊಸದು" ಕಳಿಸಿದೆ. ಅದು ಹಳೆಯದು. ಹಿಂದಿನ ತ್ರೈಮಾಸಿಕದ ಅಂಕಿಗಳು ಎರಡು ಪುಟದಲ್ಲಿ ಹಾಗೇ ಉಳಿದಿದ್ದವು. ಕ್ಲೈಂಟ್ ಕಡೆಯವರೇ ಹಿಡಿದು ತೋರಿಸಿದರು, ಅದೂ ಮೀಟಿಂಗ್‌ನಲ್ಲಿ, ಎಲ್ಲರ ಎದುರು.

ಮ್ಯಾನೇಜರ್ ಬೈಯಲಿಲ್ಲ. ಮೀಟಿಂಗ್ ಮುಗಿದ ಮೇಲೆ ಪಕ್ಕಕ್ಕೆ ಕರೆದು, "ನಿಮಗೆ ಕೆಲಸ ಜಾಸ್ತಿ ಆಗ್ತಿದ್ಯಾ? ಏನಾದ್ರೂ ಕಡಿಮೆ ಮಾಡೋಣ್ವಾ?" ಅಂದರು. ಬೈದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆ. ಇದು ಮಾತ್ರ ಮನಸ್ಸಿಗೆ ಚುಚ್ಚಿತು. ಯಾಕೆಂದರೆ ಕೆಲಸ ಜಾಸ್ತಿ ಏನೂ ಆಗಿರಲಿಲ್ಲ. ಪಕ್ಕದ ಸೀಟಿನವರು ಅಷ್ಟೇ ಕೆಲಸ ಮಾಡಿ ಆರು ಗಂಟೆಗೆ ಎದ್ದು ಹೋಗುತ್ತಿದ್ದರು, ನಾನು ಎಂಟಾದರೂ ಕೂತು ಯಾವುದೋ ಮೇಲ್ ಹುಡುಕುತ್ತಿದ್ದೆ.

ಅವತ್ತು ರಾತ್ರಿಯೇ ನಾಳೆಯಿಂದ ಎಲ್ಲ ಬದಲಾಯಿಸುತ್ತೇನೆ ಅಂತ ಕೂತೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಆಪ್ ಹುಡುಕಿದೆ. ಮೂರು ವಾರದಲ್ಲಿ ಐದು ಆಪ್. ಮೊದಲನೆಯದರಲ್ಲಿ ಬಣ್ಣ ಬಣ್ಣದ ಲೇಬಲ್ ಇದ್ದವು, ಎರಡನೆಯದರಲ್ಲಿ ಕಾರ್ಡ್‌ಗಳನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಎಳೆಯಬಹುದಿತ್ತು, ಎಳೆಯೋಕೆ ಮಜಾ ಅನ್ನಿಸುತ್ತಿತ್ತು. ನಾಲ್ಕನೆಯದಕ್ಕೆ ವರ್ಷದ ಚಂದಾ ಕಟ್ಟಿದೆ, ತಿಂಗಳ ಲೆಕ್ಕಕ್ಕಿಂತ ಅಗ್ಗ ಅಂತ. ಎಂಟು ದಿನ ಬಳಸಿದ್ದೇನೆ. ಆ ಎಂಟು ದಿನದಲ್ಲಿ ಅದರೊಳಗೆ ನಾನು ಪೂರ್ತಿ ಮುಗಿಸಿದ ಕೆಲಸ ಒಂದೇ, "ಆಪ್ ಸರಿಯಾಗಿ ಜೋಡಿಸುವುದು".

ಅಷ್ಟರಲ್ಲಿ ಐಟಿ ವಿಭಾಗದಿಂದ ಮೇಲ್ ಬಂತು. ಕ್ಲೈಂಟ್ ಹೆಸರು, ಪ್ರಾಜೆಕ್ಟ್ ವಿವರ ಎಲ್ಲ ಹೊರಗಿನ ಆಪ್‌ನಲ್ಲಿ ಹಾಕುವಂತಿಲ್ಲ, ಈ ತಕ್ಷಣ ಅಳಿಸಿ ಅಂತ. ನನಗೆ ನಿಯಮವೇ ಗೊತ್ತಿರಲಿಲ್ಲ. ಒಂದೊಂದಾಗಿ ಅಳಿಸಿ, ಅಳಿಸಿದ್ದೇನೆ ಅಂತ ಬರೆದುಕೊಟ್ಟು, ಅವರಿಂದ "ಸರಿ" ಅಂತ ಉತ್ತರ ಬರುವ ಹೊತ್ತಿಗೆ ಆರು ದಿನ. ಆ ಆರು ದಿನ ಹೊಟ್ಟೆಯಲ್ಲಿ ತಳಮಳ ಅಂದರೆ ತಳಮಳ. ಒಂದು ರಿಪೋರ್ಟ್ ಎಡವಟ್ಟಾಗಿತ್ತು, ಈಗ ಇದು ಬೇರೆ. ಹಾಗಾಗಿ ಆಫೀಸಿನ ವಿಷಯಕ್ಕೆ ಯಾವುದೇ ಹೊರಗಿನ ಆಪ್ ಹಾಕುವ ಮುಂಚೆ ಐಟಿಯವರನ್ನು ಒಂದು ಸಾಲು ಕೇಳಿಬಿಡಿ. ಆಫೀಸಿನ ಮೇಲ್ ಜೊತೆಗೇ ಬರುವ ಕ್ಯಾಲೆಂಡರ್, ಟಾಸ್ಕ್ ಪಟ್ಟಿ ಸಾಧಾರಣವಾಗಿ ಸಾಕಾಗುತ್ತವೆ. ನನಗೆ ಕೊನೆಗೂ ಸಾಕಾಗಿದ್ದು ಅದು ಮತ್ತು ಗೆರೆ ಹಾಕಿದ ಒಂದು ನೋಟ್‌ಬುಕ್.

ನೋಟ್‌ಬುಕ್ ಹಿಡಿದಿದ್ದು ಒಬ್ಬ ಹಿರಿಯ ಸಹೋದ್ಯೋಗಿಯ ಮಾತಿನಿಂದ. ನನ್ನ ಕಥೆಯೆಲ್ಲ ಕೇಳಿ ಅವರು, "ಮೊದಲು ನಿಮ್ಮ ಹತ್ರ ಎಷ್ಟು ಕೆಲಸ ಇದೆ ಅಂತ ಗೊತ್ತಾ? ಅದನ್ನು ಎಣಿಸಿ, ಆಮೇಲೆ ಜೋಡಿಸೋದು" ಅಂದರು. ಗೊತ್ತಿರಲಿಲ್ಲ. ಹಾಗಾಗಿ ಒಂದು ವಾರ, ಸೋಮವಾರದಿಂದ ಶುಕ್ರವಾರದವರೆಗೆ, ಬೇರೇನೂ ಬದಲಾಯಿಸದೆ ಒಂದೇ ಕೆಲಸ ಮಾಡಿದೆ. ಯಾರಿಗಾದರೂ "ಆಯ್ತು, ಮಾಡ್ತೀನಿ" ಅಂದ ತಕ್ಷಣ ನೋಟ್‌ಬುಕ್‌ನಲ್ಲಿ ಒಂದು ಸಾಲು. ಯಾರಿಗೆ, ಏನು, ಎಲ್ಲಿ ಹೇಳಿದ್ದು.

ಶುಕ್ರವಾರ ಸಂಜೆ ಎಣಿಸಿದರೆ 41. ಮೇಲ್‌ನಲ್ಲಿ ಒಪ್ಪಿಕೊಂಡದ್ದು 13, ಚಾಟ್‌ನಲ್ಲಿ 11, ಮೀಟಿಂಗ್‌ನಲ್ಲಿ 8. ಉಳಿದ 9 ನಡೆದಾಡುವಾಗ ಒಪ್ಪಿಕೊಂಡದ್ದು. ಲಿಫ್ಟ್ ಹತ್ತಿರ ಎರಡು, ಪ್ರಿಂಟರ್ ಪಕ್ಕ ಒಂದು, ಹೀಗೆ. ಅಲ್ಲಿಯವರೆಗೂ ನನ್ನ "ಕೆಲಸದ ಪಟ್ಟಿ" ಅಂದರೆ ಇನ್‌ಬಾಕ್ಸ್. ಅಂದರೆ 41ರಲ್ಲಿ 28 ಕೆಲಸ ಯಾವ ಪಟ್ಟಿಯಲ್ಲೂ ಇರಲಿಲ್ಲ, ಬರೀ ನನ್ನ ತಲೆಯಲ್ಲಿದ್ದವು. ಆ ಪುಟ ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಸೋಮಾರಿ ಅಂತ ನನಗೆ ನಾನೇ ವರ್ಷಗಟ್ಟಲೆ ಹೇಳಿಕೊಂಡಿದ್ದೆ, ಆ ಪುಟ ಬೇರೆಯೇ ಹೇಳುತ್ತಿತ್ತು.

ಮುಗಿಯದ ಕೆಲಸ ಮುಗಿದದ್ದಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಅನ್ನುವ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ದರು. ಉಳಿಯುತ್ತದೆ, ಸರಿ. ಆದರೆ ನನಗೆ ಅದು ನೆನಪಾಗುತ್ತಿದ್ದದ್ದು ತಲೆಗೆ ಸೋಪು ಹಚ್ಚಿಕೊಂಡಾಗ, ಇಲ್ಲ ದೀಪ ಆರಿಸಿ ಮಲಗಿದ ಮೇಲೆ. ಬೆಳಿಗ್ಗೆ ಹತ್ತಕ್ಕೆ ಸೀಟಿನಲ್ಲಿ ಕೂತಾಗ ಒಂದೂ ನೆನಪಾಗುತ್ತಿರಲಿಲ್ಲ. ಬರೆಯಲು ಶುರು ಮಾಡಿ ಎರಡನೇ ವಾರಕ್ಕೆ ನಿದ್ದೆ ಸುಧಾರಿಸಿತು. ಈ ಇಡೀ ಪ್ರಯತ್ನದಲ್ಲಿ ನನಗೆ ಮೊದಲು ಸಿಕ್ಕ ಲಾಭ ಅದೇ. ಇನ್‌ಬಾಕ್ಸ್ ಖಾಲಿಯಾಗಿದ್ದು ಎಷ್ಟೋ ಆಮೇಲೆ.

ಇನ್ನು ಮೇಲ್. 11,000 ಮೇಲ್‌ಗಳನ್ನು ವಿಂಗಡಿಸುತ್ತೇನೆ ಅಂತ ಒಂದು ಶನಿವಾರ ಕೂತೆ. ಮೂರು ಗಂಟೆಯಲ್ಲಿ ಮುಗಿದದ್ದು ನಾನೂರು ಚಿಲ್ಲರೆ, ಅದೂ ಹಳೆಯ ಮೇಲ್‌ಗಳನ್ನು ಓದುತ್ತಾ ಕೂತು. ದಯವಿಟ್ಟು ಇದನ್ನು ಮಾಡಬೇಡಿ. "ಹಳೇ ರಾಶಿ" ಅಂತ ಒಂದು ಫೋಲ್ಡರ್ ಮಾಡಿ, 30 ದಿನಕ್ಕಿಂತ ಹಳೆಯದನ್ನೆಲ್ಲ ಅದರೊಳಗೆ ಸುರಿದುಬಿಡಿ. ಏನನ್ನೂ ಅಳಿಸಿರುವುದಿಲ್ಲ, ಹುಡುಕಿದರೆ ಸಿಗುತ್ತದೆ. ನಾಲ್ಕು ತಿಂಗಳಲ್ಲಿ ನಾನು ಆ ಫೋಲ್ಡರ್ ತೆರೆದಿದ್ದು ಮೂರೇ ಸಲ.

ಸುರಿಯುವಾಗ ಒಂದು ತೊಂದರೆ ಬಂತು. ಅದೇ ವಾರ ಮೇಲ್‌ಬಾಕ್ಸ್ ತುಂಬಿದೆ ಅಂತ ಸಂದೇಶ ಬಂದು ಹೊರಗೆ ಮೇಲ್ ಹೋಗುವುದೇ ನಿಂತಿತು. ಹಳೆಯ ಮೇಲ್ ಎತ್ತಿಡುವ ಆರ್ಕೈವ್‌ಗೆ ಜಾಗ ಕೊಡಿ ಅಂತ ಐಟಿಗೆ ಟಿಕೆಟ್, ಅಂದರೆ ಒಂದು ಕೋರಿಕೆ, ಹಾಕಿದೆ. ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಬೇಕು, ಆಮೇಲೆ ಅವರ ಮೇಲಿನವರ ಒಪ್ಪಿಗೆ ಬೇಕು, ಅವರು ರಜೆಯಲ್ಲಿದ್ದರು. ಒಟ್ಟು ಒಂಬತ್ತು ದಿನ ಕಾದೆ. ಮೊದಲ ದಿನವಂತೂ ಒಂದು ಉತ್ತರ ಕಳಿಸಲು ಪಕ್ಕದವರನ್ನು ಬೇಡಿಕೊಳ್ಳಬೇಕಾಯಿತು. ಮಾರನೇ ದಿನ ಹೊಳೆಯಿತು, ಮೇಲ್‌ಗಳನ್ನು ದಿನಾಂಕದ ಬದಲು ಗಾತ್ರದ ಪ್ರಕಾರ ಜೋಡಿಸಿ ನೋಡೋಣ ಅಂತ. ಮೇಲಿನ ಇನ್ನೂರು ಮೇಲ್‌ಗಳೇ ಅರ್ಧಕ್ಕಿಂತ ಜಾಸ್ತಿ ಜಾಗ ನುಂಗಿದ್ದವು, ಎಲ್ಲ ದೊಡ್ಡ ದೊಡ್ಡ ಅಟ್ಯಾಚ್‌ಮೆಂಟ್. ಇನ್ನೊಂದು, ಸೆಂಟ್ ಫೋಲ್ಡರ್ ನೋಡಲು ಯಾರಿಗೂ ನೆನಪಾಗುವುದಿಲ್ಲ. ನೀವು ಕಳಿಸಿದ ಪ್ರತಿ ಅಟ್ಯಾಚ್‌ಮೆಂಟ್ ಅಲ್ಲೂ ಒಂದು ಕಾಪಿ ಕೂತಿರುತ್ತದೆ. ಅಳಿಸಿದ ಮೇಲೆ ಡಿಲೀಟೆಡ್ ಫೋಲ್ಡರ್ ಖಾಲಿ ಮಾಡುವವರೆಗೂ ಲೆಕ್ಕದಲ್ಲಿ ಜಾಗ ಬಿಡುಗಡೆ ಆಗುವುದಿಲ್ಲ. ಇಷ್ಟು ಮೊದಲೇ ಗೊತ್ತಿದ್ದರೆ ಟಿಕೆಟ್ಟೇ ಬೇಕಿರಲಿಲ್ಲ.

ಆಮೇಲೆ ಔಟ್‌ಲುಕ್‌ನಲ್ಲಿ ಒಂದು ರೂಲ್ ಹಾಕಿದೆ. ನನ್ನ ಹೆಸರು ಬರೀ ಸಿಸಿಯಲ್ಲಿ ಇದ್ದರೆ ಆ ಮೇಲ್ ಬೇರೆ ಫೋಲ್ಡರ್‌ಗೆ ಹೋಗಲಿ ಅಂತ. ಸಿಸಿ ಅಂದರೆ ಕಾರ್ಬನ್ ಕಾಪಿ, ಟೈಪ್‌ರೈಟರ್ ಕಾಲದಲ್ಲಿ ಹಾಳೆಗಳ ನಡುವೆ ಕಾರ್ಬನ್ ಇಟ್ಟು ತೆಗೆಯುತ್ತಿದ್ದ ಪ್ರತಿ. ಆಗ ಒಂದೊಂದು ಪ್ರತಿಗೂ ಹಾಳೆ, ಕಾರ್ಬನ್ ಇಟ್ಟು ಜೋರಾಗಿ ಕುಟ್ಟಬೇಕಿತ್ತು, ಹಾಗಾಗಿ ಬೇಕಾದವರಿಗೆ ಮಾತ್ರ ಹೋಗುತ್ತಿತ್ತು ಅಂತ ಕಾಣುತ್ತದೆ. ಈಗ ಇಡೀ ಮಹಡಿಗೇ ಸಿಸಿ. ರೂಲ್ ಹಾಕಿದ ದಿನ ಇನ್‌ಬಾಕ್ಸ್‌ಗೆ ಬರುವ ಮೇಲ್ ಅರ್ಧಕ್ಕರ್ಧ ಕಡಿಮೆಯಾಯಿತು, ಸ್ವರ್ಗ ಸಿಕ್ಕ ಹಾಗಾಯಿತು. ನಾಲ್ಕನೇ ದಿನ ಮ್ಯಾನೇಜರ್ ಬಂದು, "ಅದಕ್ಕೆ ಯಾಕೆ ಉತ್ತರ ಕೊಟ್ಟಿಲ್ಲ?" ಅಂದರು. ನೋಡಿದರೆ ಅವರು ನನ್ನನ್ನು ಸಿಸಿಯಲ್ಲಿ ಹಾಕಿ, ಒಳಗೆ ನನ್ನ ಹೆಸರು ಬರೆದು "ಇದನ್ನು ನೀವು ನೋಡಿ" ಅಂದಿದ್ದರು. ಹಾಗಾಗಿ ರೂಲ್ ಹಾಕುವಾಗ ಅದರ ವಿನಾಯಿತಿಗಳನ್ನೂ ಅವತ್ತೇ ಹಾಕಿ. ಮ್ಯಾನೇಜರ್‌ರಿಂದ ಬಂದದ್ದು ಮತ್ತು ಮೇಲ್ ಒಳಗೆ ನಿಮ್ಮ ಹೆಸರು ಇರುವುದು ಇನ್‌ಬಾಕ್ಸ್‌ನಲ್ಲೇ ಉಳಿಯಲಿ.

ಎರಡನೇ ತಿಂಗಳು ಫೈಲ್‌ಗಳ ಸರದಿ. ಫೈಲ್ ಹೆಸರಿನ ಮೊದಲಿಗೆ ದಿನಾಂಕ ಹಾಕುವುದು, ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. 2024-03-05 ಅಂತ ಶುರು ಮಾಡಿದರೆ ಹೆಸರಿನ ಪ್ರಕಾರ ಜೋಡಿಸಿದರೂ ಕಾಲದ ಪ್ರಕಾರವೇ ಕೂರುತ್ತವೆ. ಐಎಸ್ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡ 1988ರಿಂದಲೂ ಹೇಳುತ್ತಿರುವುದು ಇದನ್ನೇ, ನನಗೆ ತಲುಪಿದ್ದು ಈಗ. "ಫೈನಲ್" ಅನ್ನುವ ಪದವನ್ನು ಫೈಲ್ ಹೆಸರಿನಲ್ಲಿ ಬರೆಯುವುದನ್ನೇ ಬಿಟ್ಟೆ. ಒಂದೇ ಫೈಲ್, ಹಳೆಯದು ಬೇಕಾದರೆ ವರ್ಷನ್ ಹಿಸ್ಟರಿಯಲ್ಲಿ, ಅಂದರೆ ಅದೇ ಫೈಲ್‌ನ ಹಿಂದಿನ ರೂಪಗಳ ಪಟ್ಟಿಯಲ್ಲಿ, ಸಿಗುತ್ತದೆ. ಆಫೀಸಿನ ಆನ್‌ಲೈನ್ ಡ್ರೈವ್‌ನಲ್ಲಿ ಇಟ್ಟ ಫೈಲ್‌ಗೆ ಈ ಸೌಲಭ್ಯ ಇರುತ್ತದೆ, ಡೆಸ್ಕ್‌ಟಾಪ್ ಮೇಲೆ ಸುಮ್ನೆ ಬಿಸಾಕಿದ್ದಕ್ಕೆ ಇರುತ್ತದೆ ಅಂತ ನಂಬಬೇಡಿ.

ಇಲ್ಲೂ ಅತಿ ಮಾಡಿದೆ. ಕ್ಲೈಂಟ್, ಅದರೊಳಗೆ ವರ್ಷ, ಅದರೊಳಗೆ ತ್ರೈಮಾಸಿಕ, ಅದರೊಳಗೆ ವಿಭಾಗ ಅಂತ ಏಳು ಹಂತದ ಫೋಲ್ಡರ್ ಕಟ್ಟಿದೆ, ಪ್ರತಿಯೊಂದಕ್ಕೂ ಉದ್ದುದ್ದ ಹೆಸರು. ಒಂದು ದಿನ ಫೈಲ್ ತೆರೆಯುವುದೇ ಇಲ್ಲ. ಫೈಲ್ ಕೆಟ್ಟಿದೆ ಅಂತ ಒಂದು ಗಂಟೆ ಒದ್ದಾಡಿದೆ. ಫೈಲ್ ಸರಿಯಾಗೇ ಇತ್ತು, ದಾರಿ ಉದ್ದವಾಗಿತ್ತು ಅಷ್ಟೇ. ಫೋಲ್ಡರ್‌ಗಳ ಹೆಸರೆಲ್ಲ ಸೇರಿ ಇಡೀ ವಿಳಾಸ 260 ಅಕ್ಷರದ ಹತ್ತಿರ ಬಂದರೆ ವಿಂಡೋಸ್‌ನಲ್ಲಿ ಎಷ್ಟೋ ಪ್ರೋಗ್ರಾಂಗಳು ಕೈಚೆಲ್ಲುತ್ತವೆ, ಎಕ್ಸೆಲ್‌ಗೆ ಮಿತಿ ಇನ್ನೂ ಕಡಿಮೆ, 218. ಈಗ ಮೂರು ಹಂತಕ್ಕೆ ಇಳಿಸಿದ್ದೇನೆ.

ಮಾನ ಹೋಗಿದ್ದು ಅದಾದ ಮೇಲೆ. ನನ್ನ ಫೋಲ್ಡರ್ ಚೆನ್ನಾಗಾಯಿತಲ್ಲ, ತಂಡದ ಶೇರ್ಡ್ ಫೋಲ್ಡರ್ ಕೂಡ ಸರಿ ಮಾಡಿಬಿಡೋಣ ಅಂತ ಒಂದು ಗುರುವಾರ ಸಂಜೆ, ಯಾರನ್ನೂ ಕೇಳದೆ, ಫೈಲ್‌ಗಳನ್ನೆಲ್ಲ ಹೊಸ ಜಾಗಕ್ಕೆ ಎತ್ತಿ ಹಾಕಿದೆ. ಒಳ್ಳೆ ಕೆಲಸ ಮಾಡಿದೆ ಅಂತ ಖುಷಿಯಲ್ಲೇ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಅಕೌಂಟ್ಸ್‌ನ ಮೇಡಂ ನನ್ನ ಸೀಟಿನ ಪಕ್ಕ ನಿಂತಿದ್ದಾರೆ. ಅವರ ಎಕ್ಸೆಲ್ ಶೀಟ್‌ಗಳು ನಮ್ಮ ಫೋಲ್ಡರ್‌ನ ಫೈಲ್‌ಗಳಿಂದ ಅಂಕಿ ಎಳೆದುಕೊಳ್ಳುತ್ತಿದ್ದವಂತೆ. ಫೈಲ್ ಜಾಗ ಬದಲಾಗಿದ್ದೇ ತಡ, ಲಿಂಕ್‌ಗಳೆಲ್ಲ ಮುರಿದು ಹೋಗಿದ್ದವು. "ಯಾರು ಮುಟ್ಟಿದ್ದು ಅಂತ ಕೇಳ್ತಾ ಇದ್ದೆ, ಲಾಗ್‌ನಲ್ಲಿ ನಿಮ್ಮ ಹೆಸರು ಬಂತು" ಅಂದರು, ದನಿ ಏರಿಸದೆ. ಮಧ್ಯಾಹ್ನ ಒಂದೂವರೆಯವರೆಗೆ ಒಂದೊಂದನ್ನೇ ಮತ್ತೆ ಹಳೆ ಜಾಗಕ್ಕೆ ಇಟ್ಟೆ. ಹಂಚಿಕೊಂಡ ಫೋಲ್ಡರ್ ಎಷ್ಟೇ ಗಲೀಜಾಗಿರಲಿ, ಇದ್ದದ್ದನ್ನು ಅಲುಗಿಸಬೇಡಿ. ಇವತ್ತಿನಿಂದ ಬರುವ ಹೊಸ ಫೈಲ್‌ಗಳಿಗೆ ಹೊಸ ಪದ್ಧತಿ ಅಂತ ತಂಡದಲ್ಲಿ ಮಾತಾಡಿಕೊಳ್ಳಿ, ಸಾಕು.

ಸಮಯದ ವಿಷಯಕ್ಕೆ ಬಂದರೆ, ಪೊಮೊಡೊರೊ ಪದ್ಧತಿ ಮಾಡಿ ನೋಡಿದೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನುವವರು ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ಕಂಡುಕೊಂಡದ್ದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ವಿದ್ಯಾರ್ಥಿಗೆ ಸರಿ. ನನ್ನ 25 ನಿಮಿಷದಲ್ಲಿ ಸರಾಸರಿ ಎರಡು ಸಲ ಯಾರಾದರೂ "ಒಂದ್ ನಿಮಿಷ ಇದ್ಯಾ?" ಅಂತ ಬರುತ್ತಿದ್ದರು. ಟೈಮರ್ ನಿಲ್ಲಿಸುವುದು, ಮತ್ತೆ ಶುರು ಮಾಡುವುದು, ಅದೇ ಒಂದು ಕೆಲಸವಾಯಿತು. ಹತ್ತು ದಿನಕ್ಕೆ ಬಿಟ್ಟೆ. ಅದರ ಬದಲು ಬೆಳಿಗ್ಗೆ 10ರಿಂದ 11 ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ, ಚಾಟ್ ಮುಚ್ಚಿ, ಅವತ್ತಿನ ಅತಿ ಕಷ್ಟದ ಒಂದು ಕೆಲಸ ಹಿಡಿಯುತ್ತೇನೆ. ದಿನದಲ್ಲಿ ಒಂದೇ ಗಂಟೆ. ನಿಜ ಹೇಳಬೇಕೆಂದರೆ ಮೊದಲು ಎಂಟು ಗಂಟೆ ಕೂತರೂ ಅಂಥ ಒಂದು ಗಂಟೆ ಸಿಗುತ್ತಿರಲಿಲ್ಲ.

ಚಾಟ್ ಮುಚ್ಚಿದ್ದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದರು. "ಏನ್ರೀ, ಈಗ ದೊಡ್ಡೋರಾಗ್ಬಿಟ್ರಾ?" ಅಂತ ಒಬ್ಬರು ನಗುತ್ತಲೇ ಕೇಳಿದರು, ನಗು ಪೂರ್ತಿ ನಗುವಾಗಿರಲಿಲ್ಲ. ತಪ್ಪು ನನ್ನದೇ, ಯಾರಿಗೂ ಹೇಳದೆ ಮಾಯವಾಗಿದ್ದೆ. ಆಮೇಲೆ ತಂಡಕ್ಕೆ ಒಂದು ಸಂದೇಶ ಹಾಕಿದೆ, "10ರಿಂದ 11 ಚಾಟ್ ನೋಡುವುದಿಲ್ಲ, ತುರ್ತಿದ್ದರೆ ಫೋನ್ ಮಾಡಿ" ಅಂತ. ಮೂರು ವಾರದಲ್ಲಿ ಫೋನ್ ಬಂದದ್ದು ಎರಡು. ಒಂದು ಮಾತ್ರ ನಿಜವಾಗಿ ತುರ್ತಿತ್ತು.

ಇನ್ನೊಂದು ಲೆಕ್ಕ ಕೂಡ ಇಟ್ಟೆ. ಎರಡು ವಾರ ಪ್ರತಿ ಕೆಲಸದ ಮುಂದೆ ಎಷ್ಟು ಹೊತ್ತು ಹಿಡಿಯಬಹುದು ಅಂತ ಬರೆದು, ಮುಗಿದ ಮೇಲೆ ಎಷ್ಟು ಹಿಡಿಯಿತು ಅಂತ ಬರೆದೆ. ತಿಂಗಳ ರಿಪೋರ್ಟ್‌ಗೆ ಎರಡು ಗಂಟೆ ಅಂತ ಬರೆದಿದ್ದೆ, ಹಿಡಿದದ್ದು 4 ಗಂಟೆ 40 ನಿಮಿಷ. ಪ್ರತಿ ತಿಂಗಳೂ ಮಾಡುವ ಕೆಲಸ ಇದು! ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ 1979ರಲ್ಲಿ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟಿದ್ದಾರೆ. ಹಿಂದೆ ಎಷ್ಟು ಹಿಡಿದಿತ್ತು ಅಂತ ಗೊತ್ತಿದ್ದರೂ ಈ ಸಲ ಬೇಗ ಆಗುತ್ತದೆ ಅಂದುಕೊಳ್ಳುವ ಚಾಳಿ. ನಾನು ಈಗ ಮನಸ್ಸಿಗೆ ಬಂದದ್ದನ್ನು ದುಪ್ಪಟ್ಟು ಮಾಡಿ ಬರೆಯುತ್ತೇನೆ. ಸಣ್ಣ ಕೆಲಸಗಳಿಗೆ ಅಷ್ಟು ಬೇಡ, ಅವು ಹೇಳಿದ ಹೊತ್ತಿಗೇ ಮುಗಿಯುತ್ತವೆ.

ಮೂರನೇ ತಿಂಗಳು ಎಲ್ಲ ಕುಸಿಯಿತು. ಮೂರು ದಿನ ಜ್ವರ. ವಾಪಸ್ ಬಂದಾಗ 240 ಮೇಲ್. ಅವತ್ತು ಪಟ್ಟಿ ಬರೆಯಲಿಲ್ಲ, ಮಾರನೇ ದಿನವೂ ಇಲ್ಲ. ಹತ್ತು ದಿನ ನೋಟ್‌ಬುಕ್ ಡ್ರಾಯರ್ ಒಳಗೇ ಇತ್ತು. ಹಳೆಯ ಭಯ ವಾಪಸ್ ಬಂತು, ರಾತ್ರಿ ಎಚ್ಚರವಾಗುವುದೂ ಬಂತು. ಇಷ್ಟೆಲ್ಲ ಮಾಡಿ ಮತ್ತೆ ಅಲ್ಲೇ ಬಂದೆನಲ್ಲ ಅಂತ ನಾಚಿಕೆ. ಹನ್ನೊಂದನೇ ದಿನ ಮಾಡಿದ್ದು ಇಷ್ಟೇ, ಹೊಸ ಪುಟ ತೆಗೆದು ತಲೆಯಲ್ಲಿ ಇದ್ದದ್ದನ್ನೆಲ್ಲ ಬರೆದೆ. 33 ಸಾಲು ಬಂತು. ಮುಕ್ಕಾಲು ಗಂಟೆ. ಹಳೆಯ ಹತ್ತು ದಿನ ತುಂಬಿಸಲು ಹೋಗಲಿಲ್ಲ. ರಜೆ ಹಾಕುವಾಗ ವಾಪಸ್ ಬರುವ ದಿನದ ಮೊದಲ ಎರಡು ಗಂಟೆಯನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಹಿಡಿದಿಡುವುದನ್ನು ಆಗ ಕಲಿತೆ.

ಈಗ ಶುಕ್ರವಾರ ನಾಲ್ಕರಿಂದ ಐದು, ವಾರದ ಲೆಕ್ಕ. ಮುಗಿದದ್ದಕ್ಕೆ ಗೆರೆ, ಉಳಿದದ್ದು ಹೊಸ ಪುಟಕ್ಕೆ. ಮೂರು ವಾರ ಸತತವಾಗಿ ಮುಂದಕ್ಕೆ ಹೋದ ಸಾಲಿದ್ದರೆ ಅದನ್ನು ನಾನು ಮಾಡುವುದಿಲ್ಲ ಅಂತಲೇ ಅರ್ಥ, ಹಾಗಾಗಿ ಕೇಳಿದವರಿಗೆ ಹೋಗಿ ಹೇಳಿಬಿಡುತ್ತೇನೆ. ಎಡಗಡೆ ಪುಟ ನನ್ನ ಕೆಲಸಕ್ಕೆ. ಬಲಗಡೆ ಪುಟದ ತಲೆಬರಹ "ಕಾಯುತ್ತಿರುವುದು", ಬೇರೆಯವರಿಂದ ಬರಬೇಕಾದದ್ದು. ಈ ವಾರದ ಒಂದು ಸಾಲು ಹೀಗಿದೆ: "ಖರೀದಿ ವಿಭಾಗ, ಕೊಟೇಶನ್, 6ಕ್ಕೆ ಕೇಳಿದೆ, 11ಕ್ಕೆ ನೆನಪಿಸಿದೆ, 13ಕ್ಕೆ ಮತ್ತೆ." ಯಾವತ್ತು ಕೇಳಿದ್ದು ಅಂತ ದಿನಾಂಕ ಕೈಯಲ್ಲಿದ್ದರೆ ನೆನಪಿಸುವಾಗ ಹಿಂಜರಿಕೆ ಇರುವುದಿಲ್ಲ, ಜಗಳವೂ ಆಗುವುದಿಲ್ಲ. ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಈ ಬಲಗಡೆ ಪುಟ ತೆಗೆದುಕೊಳ್ಳಿ. ನನ್ನ ತಡವಾದ ಕೆಲಸಗಳಲ್ಲಿ ಸುಮಾರು ನಾನು ಯಾರಿಗೋ ಕಾಯುತ್ತಾ, ಕಾಯುತ್ತಿದ್ದೇನೆ ಅನ್ನುವುದನ್ನೇ ಮರೆತದ್ದು.

ಖರ್ಚು ಅಂತ ಕೇಳಿದರೆ ಆಪ್‌ಗೆ ಕಟ್ಟಿದ ದುಡ್ಡು, ಎರಡು ನೋಟ್‌ಬುಕ್, ಎಲ್ಲ ಸೇರಿಸಿ ಸುಮಾರು ಮೂವತ್ತು ಗಂಟೆ. ಅದರಲ್ಲಿ ಅರ್ಧ ಬೇಡದ ಕಡೆ ಹೋದದ್ದು. ಮೀಟಿಂಗ್‌ಗಳು ಏನೂ ಕಡಿಮೆಯಾಗಿಲ್ಲ, ಅದು ನನ್ನ ಕೈಯಲ್ಲಿಲ್ಲ.

ಕಳೆದ ಸೋಮವಾರ ಮ್ಯಾನೇಜರ್ ಲಿಫ್ಟ್ ಹತ್ತಿರ ಸಿಕ್ಕಿ, "ಆ ಹೊಸ ಕ್ಲೈಂಟ್‌ದು ಒಂದು ಸಣ್ಣ ರಿಪೋರ್ಟ್ ಬುಧವಾರಕ್ಕೆ ಕೊಡ್ತೀರಾ?" ಅಂದರು. "ಆಯ್ತು" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನೋಟ್‌ಬುಕ್ ತೆರೆದೆ, ಅವರು ನಿಂತರು, ಲಿಫ್ಟ್ ಹೋಯಿತು. "ಗುರುವಾರ ಸಂಜೆಗೆ ಆಗುತ್ತೆ ಸರ್, ಬುಧವಾರ ಆಗಲ್ಲ" ಅಂದೆ. ನಾಲ್ಕು ವರ್ಷದಲ್ಲಿ ಅವರಿಗೆ ನಾನು ಹೀಗೆ ಹೇಳಿದ್ದು ಅದೇ ಮೊದಲು. ಅವರು ಒಂದು ಕ್ಷಣ ನೋಡಿ, "ಸರಿ, ಗುರುವಾರ" ಅಂದು ಮೆಟ್ಟಿಲು ಇಳಿದು ಹೋದರು. ಗುರುವಾರ 4 ಗಂಟೆ 40 ನಿಮಿಷಕ್ಕೆ ಕಳಿಸಿದೆ. ಕಳಿಸುವ ಮುಂಚೆ ಅಟ್ಯಾಚ್‌ಮೆಂಟ್ ಎರಡು ಸಲ ತೆರೆದು ನೋಡಿದೆ.